ನೆಲದಡಿಯ ಪರಂಪರೆ

(ಒಬ್ಬ ಅಂತಿಮ ಬಿ.ಎ. ವಿದ್ಯಾರ್ಥಿ)

ಇಂಗ್ಲೆಂಡಿನ ಇತಿಹಾಸವೆಂದೊಡನೆ ನಮ್ಮಂಥ ವಿದ್ಯಾರ್ಥಿಗಳ ಕಣ್ಣ ಮುಂದೆ ಸುಳಿಯುವ ಚಿತ್ರಗಳಾದರೂ ಯಾವುವು? ಎಂಟನೆಯ ಹೆನ್ರಿಯ ಆರು ಮಂದಿ ಮಡದಿಯರು, ಎಲಿಜಬೆತ್ ರಾಣಿಯ ದರಬಾರು, ತಲೆ ಕಳೆದುಕೊಂಡ ಚಾರ್ಲ್ಸ್ ದೊರೆ, ಪಾರ್ಲಿಮೆಂಟಿನ ವಾಗ್ವಾದಗಳು. ಇಂಗ್ಲಿಷ್ ಹಳ್ಳಿಯೆಂದರೆ ಕವಿಗಳು ಕಟ್ಟಿಕೊಟ್ಟ ಹಳ್ಳಿ: ಹಸುರು ಗುಡ್ಡ, ಕುರಿಮಂದೆ, ಹಳೆಯ ಚರ್ಚಿನ ಗಂಟೆ. ಇವುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಪಾರ್ಲಿಮೆಂಟಿನ ಕೋಣೆಗಳನ್ನು ಬೆಚ್ಚಗಿರಿಸಿದ್ದು, ಆ ದೇಶದ ಹಡಗುಗಳನ್ನು ನಡೆಸಿದ್ದು, ಗಿರಣಿಗಳನ್ನು ತಿರುಗಿಸಿದ್ದು ಯಾವ ಹಳ್ಳಿ? ಅದು ಕವಿತೆಯಲ್ಲಿ ಹೆಚ್ಚಾಗಿ ಕಾಣಸಿಗದು. ಅದು ನೆಲದ ಮೇಲೆ ಅರ್ಧ, ನೆಲದ ಕೆಳಗೆ ಅರ್ಧ ಬಾಳಿದ ಹಳ್ಳಿ, ಕಲ್ಲಿದ್ದಲಿನ ಹಳ್ಳಿ.

ಸಂಪ್ರದಾಯವೆಂಬುದು ಅರಮನೆಯಿಂದಲೋ ಗುಡಿಯಿಂದಲೋ ಇಳಿದು ಬರುವ ವಸ್ತುವೆಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಬಡಜನರಿಗೆ ಕಷ್ಟವಿರುತ್ತದೆ, ಇತಿಹಾಸವಿರುವುದಿಲ್ಲ ಎಂಬುದು ನಾವು ಬಾಯಿಬಿಟ್ಟು ಹೇಳದ, ಆದರೆ ಮನಸ್ಸಿನಲ್ಲಿ ಒಪ್ಪಿಕೊಂಡಿರುವ ಸಿದ್ಧಾಂತ. ಈ ಸಿದ್ಧಾಂತ ತಪ್ಪೆಂಬುದೇ ನನ್ನ ಅಭಿಪ್ರಾಯ. ಅದನ್ನು ಸಾಧಿಸಲು ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿರುವ ಡರ್ಹಮ್ ಪ್ರಾಂತದ ಗಣಿಹಳ್ಳಿಗಳನ್ನು, ಅವುಗಳಲ್ಲಿಯೂ ಕಡಲ ದಂಡೆಯ ಈಸಿಂಗ್ಟನ್ ಕೊಲಿಯರಿಯನ್ನು, ಸಾಕ್ಷಿಗೆ ಕರೆಯುತ್ತೇನೆ.

ಈಸಿಂಗ್ಟನ್ ಎಂಬ ಹಳೆಯ ಊರು ಗುಡ್ಡದ ಮೇಲಿದೆ. ಅಲ್ಲಿನ ಸಂತ ಮೇರಿಯ ಚರ್ಚು ಮಧ್ಯಯುಗದ್ದು. ಅದರ ಮಗ್ಗುಲಲ್ಲಿ, ಸಮುದ್ರದ ಕಡೆಗೆ, 1899ರಲ್ಲಿ ಒಂದು ಕಂಪೆನಿ ಗಣಿಯ ಬಾವಿ ತೋಡಲು ತೊಡಗಿತು. ನೆಲದಡಿ ನೀರು, ಮರಳು. ತೋಡಿದಷ್ಟೂ ನೀರು ನುಗ್ಗಿತು. ಕಡೆಗೆ ನೆಲವನ್ನೇ ಹೆಪ್ಪುಗಟ್ಟಿಸಿ, ಆ ಗಟ್ಟಿಯಾದ ಮಣ್ಣನ್ನು ಕೊರೆದು ಇಳಿಯಬೇಕಾಯಿತು. ಮೊದಲ ಕಲ್ಲಿದ್ದಲು ಮೇಲಕ್ಕೆ ಬಂದದ್ದು 1910ರಲ್ಲಿ. ಮುಂದೆ ಗಣಿಯ ಸುರಂಗಗಳು ಸಮುದ್ರದ ತಳದ ಕೆಳಗೆ ಮೈಲಿಗಟ್ಟಲೆ ಸಾಗಿದವು. ಕೆಲಸಕ್ಕೆ ಬಂದವರಿಗಾಗಿ ಕಂಪೆನಿಯವರು ಇಟ್ಟಿಗೆಯ ಸಾಲುಮನೆಗಳನ್ನು ಕಟ್ಟಿಸಿದರು. ಬೀದಿಗಳಿಗೆ ಹೆಸರಿಡುವಷ್ಟು ಪುರಸತ್ತೂ ಕೆಲವೆಡೆ ಇರಲಿಲ್ಲವೇನೋ! ನೆರೆಯ ಹಾರ್ಡನ್ನಿನಲ್ಲಿ ಒಂದನೆಯ ಬೀದಿ, ಎರಡನೆಯ ಬೀದಿ, ಮೂರನೆಯ ಬೀದಿ ಎಂದು ಎಣಿಸುತ್ತ ಹೋದರು. ಹೀಗೆ ಹುಟ್ಟಿದ ಊರಿಗೆ ಪುರಾಣವೂ ಇಲ್ಲ, ಸ್ಥಳಮಹಾತ್ಮ್ಯವೂ ಇಲ್ಲ. ಇಂಥ ಊರಿನಲ್ಲಿ ಸಂಪ್ರದಾಯ ಹುಟ್ಟುವುದೆಂತು?

ಅದನ್ನು ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು. ಡರ್ಹಮ್ಮಿನ ಗಣಿಗ ಹತ್ತೊಂಬತ್ತನೆಯ ಶತಮಾನದಲ್ಲಿ ವರ್ಷಕ್ಕೊಮ್ಮೆ ಒಂದು ಕರಾರಿಗೆ ರುಜು ಹಾಕಬೇಕಾಗಿತ್ತು. ಅಕ್ಷರ ಬಾರದವನು ಕತ್ತರಿ ಗುರುತು ಹಾಕುತ್ತಿದ್ದ. ಅಲ್ಲಿಂದ ವರ್ಷವಿಡೀ ಅವನು ಆ ಗಣಿಗೆ ಕಟ್ಟುಬಿದ್ದವನು. ಬಿಟ್ಟು ಹೋದರೆ ಸೆರೆಮನೆ. ಈ ಪದ್ಧತಿ ಕೊನೆಗಂಡದ್ದು 1872ರಲ್ಲಿ. ವಾಸದ ಮನೆ ಕಂಪೆನಿಯದು. ಕೆಲಸ ಹೋದರೆ ಮನೆಯೂ ಹೋಯಿತು. 1844ರ ದೊಡ್ಡ ಮುಷ್ಕರದಲ್ಲಿ ಸಂಸಾರ ಸಂಸಾರಗಳನ್ನೇ ಸಾಮಾನು ಸಹಿತ ಬೀದಿಗೆ ಹಾಕಿದರು. ಗಣಿಗಳ ಒಡೆಯನಾಗಿದ್ದ ಲಾರ್ಡ್ ಲಂಡನ್‌ಡೆರ್ರಿಯು ಸೀಹಮ್ ಪಟ್ಟಣದ ಅಂಗಡಿಯವರಿಗೆ, ಮುಷ್ಕರ ಹೂಡಿದವರಿಗೆ ಸಾಲ ಕೊಡಕೂಡದೆಂದು ಎಚ್ಚರಿಕೆ ಕೊಟ್ಟನು. ಇದಕ್ಕೂ ಮುಂಚೆ, 1831ರಲ್ಲಿ, ಸಂಘ ಕಟ್ಟಿ ಹುಡುಗರ ದುಡಿಮೆಯನ್ನು ದಿನಕ್ಕೆ ಹನ್ನೆರಡು ಗಂಟೆಗೆ ಇಳಿಸಿದ ಥಾಮಸ್ ಹೆಪ್‌ಬರ್ನ್ ಎಂಬಾತನ ಕಥೆಯನ್ನು ಕೇಳಿ. ಸಂಘ ಮುರಿದ ಮೇಲೆ ಅವನಿಗೆ ಯಾವ ಗಣಿಯೂ ಕೆಲಸ ಕೊಡಲಿಲ್ಲ. ಊರೂರು ತಿರುಗಿ ಚಹಾ ಮಾರಿದ. ಕಡೆಗೆ ಸಂಘದ ಮಾತೆತ್ತುವುದಿಲ್ಲವೆಂಬ ಷರತ್ತಿನ ಮೇಲೆ ಕೆಲಸಕ್ಕೆ ಸೇರಿದ. ಹನ್ನೆರಡು ಗಂಟೆ ದುಡಿಮೆಯೆಂಬುದು ಆಗಿನ ಮಕ್ಕಳಿಗೆ ಒಂದು ವಿಜಯವಾಗಿತ್ತೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಇಂಥ ಬಾಳಿನಿಂದಲೇ ಅವರ ಸಂಪ್ರದಾಯಗಳು ಮೊಳೆತವು. ಒಂದೊಂದನ್ನೂ ಕೆದಕಿ ನೋಡಿದರೆ ಬುಡದಲ್ಲಿ ಒಂದು ಕಷ್ಟವೂ ಅದಕ್ಕೊಂದು ಉಪಾಯವೂ ಕಾಣುತ್ತವೆ. ಗಣಿಯಲ್ಲಿ ಎಲ್ಲ ಜಾಗವೂ ಒಂದೇ ಸಮನಲ್ಲ. ಒಂದು ಕಡೆ ಕಲ್ಲಿದ್ದಲು ಮೆದು, ಎತ್ತರ ಸಾಕಷ್ಟು. ಇನ್ನೊಂದು ಕಡೆ ಮಂಡಿಯೂರಿ, ನೀರಿನಲ್ಲಿ ಮಲಗಿ ಕಡಿಯಬೇಕು. ಕೂಲಿಯೋ ಕಡಿದಷ್ಟಕ್ಕೆ. ಒಳ್ಳೆಯ ಜಾಗವನ್ನು ಯಾರಿಗೆ ಕೊಡುವುದು? ಮೇಸ್ತ್ರಿಯ ಇಷ್ಟಕ್ಕೆ ಬಿಟ್ಟರೆ ಮುಖಸ್ತುತಿ ಮಾಡಿದವನಿಗೆ ಒಳ್ಳೆಯದು, ಎದುರು ಮಾತನಾಡಿದವನಿಗೆ ಕೆಟ್ಟದ್ದು. ಡರ್ಹಮ್ಮಿನ ಗಣಿಗರು ಇದಕ್ಕೆ ಮೂರು ತಿಂಗಳಿಗೊಮ್ಮೆ ಚೀಟಿ ಎತ್ತುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಅದಕ್ಕೆ 'ಕ್ಯಾವಿಲ್' ಎಂದು ಹೆಸರು. ಚೀಟಿಯಲ್ಲಿ ಬಂದ ಜಾಗ ಬಂದವನದು. ದೈವಕ್ಕೆ ತಲೆಬಾಗುವೆವು, ಮೇಸ್ತ್ರಿಯ ದಾಕ್ಷಿಣ್ಯಕ್ಕೆ ತಲೆಬಾಗೆವು ಎಂಬ ಭಾವ ಇದರಲ್ಲಿದೆ. ರಾಜ್ಯಶಾಸ್ತ್ರದ ತರಗತಿಯಲ್ಲಿ ಸಮಾನತೆಯ ತತ್ತ್ವವನ್ನು ಪುಟಗಟ್ಟಲೆ ಬರೆದುಕೊಂಡಿದ್ದೇನೆ. ಒಂದು ಟೋಪಿಯೊಳಗಿನ ಚೀಟಿಗಳಲ್ಲಿ ಅದು ಇಷ್ಟು ಸ್ಪಷ್ಟವಾಗಿ ಕಂಡದ್ದು ಇದೇ ಮೊದಲು.

ಜೊತೆಯಲ್ಲಿ ದುಡಿಯುವವನನ್ನು ಅವರು 'ಮಾರ್ರಾ' ಎನ್ನುತ್ತಾರೆ. ಗೆಳೆಯನೆಂಬ ಮಾತಿಗಿಂತ ಇದು ತೂಕದ್ದು. ನನ್ನ ತಲೆಯ ಮೇಲಿನ ಬಂಡೆ ಸಡಿಲವಾದರೆ ಕೂಗಿ ಹೇಳುವವನು ಎಂದರ್ಥ. ಮುದುಕರ ವಿಷಯ ನೋಡಿ. ದುಡಿಯಲಾರದವನು ಕಂಪೆನಿಯ ಮನೆ ಬಿಡಬೇಕು. ಐವತ್ತು ವರ್ಷ ನೆಲದಡಿ ಸವೆದವನಿಗೆ ಕೊನೆಗಾಲಕ್ಕೆ ಅನಾಥಾಲಯ. ಜೋಸೆಫ್ ಹಾಪರ್ ಎಂಬ ಗಣಿಗ, ಚರ್ಚಿನಲ್ಲಿ ಉಪದೇಶವನ್ನೂ ಮಾಡುತ್ತಿದ್ದಾತ, ಇದಕ್ಕೊಂದು ದಾರಿ ಹುಡುಕಿದ. 1898ರಲ್ಲಿ ಸಂಸ್ಥೆಯೊಂದು ಹುಟ್ಟಿತು. ದುಡಿಯುವವರ ಕೂಲಿಯಿಂದ ವಾರ ವಾರ ಬಿಡಿಗಾಸು ಸೇರಿಸಿ ದುಡಿಯಲಾರದವರಿಗೆ ಮನೆ ಮಾಡಿಕೊಟ್ಟರು. ಸರ್ಕಾರ ಮುದುಕರಿಗೆ ಪಿಂಚಣಿ ಕೊಡಲು ಆರಂಭಿಸಿದ್ದು ಅದಾದ ಹತ್ತು ವರ್ಷಕ್ಕೆ. ಹಾಗೆಯೇ ಸಹಕಾರಿ ಅಂಗಡಿ, ವಾಚನಾಲಯ, ಮೆಥಾಡಿಸ್ಟರ ಪ್ರಾರ್ಥನಾಮಂದಿರ, ವಾದ್ಯಮೇಳ. ಇವೊಂದೂ ಮೇಲಿನಿಂದ ಬಂದ ದಾನವಲ್ಲ. ಬಿಡುವಿನ ದಿನಗಳಲ್ಲಿ ಪಾರಿವಾಳ ಹಾರಿಸುವುದು, ಈರುಳ್ಳಿಯ ಬಳಗಕ್ಕೆ ಸೇರಿದ ಲೀಕ್ ಎಂಬ ತರಕಾರಿಯನ್ನು ತೋಳಿನಷ್ಟು ದಪ್ಪ ಬೆಳೆಸಿ ಪಂದ್ಯಕ್ಕಿಡುವುದು ಅವರ ಹವ್ಯಾಸ. ಇಡೀ ದಿನ ಕತ್ತಲೆಯಲ್ಲಿರುವವನಿಗೆ ಆಕಾಶದಲ್ಲಿ ಹಾರುವುದರ ಮೇಲೆ, ನೆಲದಿಂದ ಹಸುರಾಗಿ ಮೇಲೇಳುವುದರ ಮೇಲೆ ಮೋಹವಿದ್ದರೆ ಆಶ್ಚರ್ಯವೇನು?

ಇವೆಲ್ಲಕ್ಕೂ ಕಳಶವಿಟ್ಟಂತಿರುವುದು ಡರ್ಹಮ್ ಗಣಿಗರ ಜಾತ್ರೆ. 1869ರಲ್ಲಿ ಅವರ ಸಂಘ ಸ್ಥಿರವಾಯಿತು. 1871ರಲ್ಲಿ ಮೊದಲ ಸಮಾವೇಶ ನಡೆಯಿತು. ಇಂದಿಗೂ ಜುಲೈ ತಿಂಗಳ ಎರಡನೆಯ ಶನಿವಾರ ಅದು ನಡೆಯುತ್ತದೆ. ಪ್ರತಿ ಹಳ್ಳಿಗೂ ತನ್ನದೇ ಆದ ರೇಷ್ಮೆಯ ದೊಡ್ಡ ಧ್ವಜಪಟ. ಅದರ ಮೇಲೆ ನಾಯಕರ ಮುಖಗಳೋ, ಸೋದರಭಾವವನ್ನು ಸಾರುವ ಚಿತ್ರಗಳೋ. ಬೆಳಗಿನ ಜಾವ ತಮ್ಮ ಬೀದಿಗಳಲ್ಲಿ ಬ್ಯಾಂಡು ನುಡಿಸಿಕೊಂಡು ಹೊರಟು, ಡರ್ಹಮ್ ನಗರದ ಇಕ್ಕಟ್ಟಾದ ದಾರಿಗಳಲ್ಲಿ ಧ್ವಜಗಳನ್ನು ಹೊತ್ತು, ನದಿಯ ದಂಡೆಯ ಬಯಲಿಗೆ ಬಂದು ಸೇರುತ್ತಾರೆ. ಭಾಷಣಗಳಾಗುತ್ತವೆ, ಊಟವಾಗುತ್ತದೆ, ಮಕ್ಕಳು ಕುಣಿಯುತ್ತಾರೆ. ಮಧ್ಯಾಹ್ನ ಮಹಾಚರ್ಚಿನಲ್ಲಿ ಹೊಸ ಧ್ವಜಗಳಿಗೆ ಆಶೀರ್ವಾದ. ಆ ವರ್ಷ ಯಾವುದಾದರೂ ಗಣಿಯಲ್ಲಿ ಸಾವು ಸಂಭವಿಸಿದ್ದರೆ ಆ ಹಳ್ಳಿಯ ಧ್ವಜಕ್ಕೆ ಕಪ್ಪು ಬಟ್ಟೆಯ ಹೊದಿಕೆ. ಹಬ್ಬದ ನಡುವೆ ಆ ಕಪ್ಪು ಬಟ್ಟೆ ಹಾದುಹೋಗುವಾಗ ಜನ ಟೋಪಿ ತೆಗೆದು ನಿಲ್ಲುತ್ತಿದ್ದರು. ಅಲ್ಲಿ ನುಡಿಸುವ 'ಗ್ರೆಸ್‌ಫರ್ಡ್' ಎಂಬ ರಾಗವನ್ನು ಕಟ್ಟಿದವನು ರಾಬರ್ಟ್ ಸೇಂಟ್, ಆತನೂ ಗಣಿಗನೇ. 1934ರಲ್ಲಿ ವೇಲ್ಸಿನ ಗ್ರೆಸ್‌ಫರ್ಡ್ ಗಣಿಯಲ್ಲಿ ಸತ್ತ 266 ಮಂದಿಗಾಗಿ ಅವನು ಅದನ್ನು ರಚಿಸಿದ.

ಈಸಿಂಗ್ಟನ್ನಿನ ಧ್ವಜಕ್ಕೂ ಕಪ್ಪು ಬಟ್ಟೆ ಹೊದಿಸುವ ದಿನ ಬಂತು. 1951ರ ಮೇ 29ರ ನಸುಕಿನಲ್ಲಿ, ರಾತ್ರಿಯ ಪಾಳಿಯವರು ಕೆಲಸ ಮುಗಿಸುವ, ಬೆಳಗಿನ ಪಾಳಿಯವರು ಬಂದು ಸೇರುವ ಹೊತ್ತಿನಲ್ಲಿ, ಕಲ್ಲಿದ್ದಲು ಕೊರೆಯುವ ಯಂತ್ರದ ಹಲ್ಲು ಗಟ್ಟಿಯಾದ ಖನಿಜಕ್ಕೆ ತಾಕಿ ಕಿಡಿ ಹಾರಿತು. ಅಲ್ಲಿ ತುಂಬಿದ್ದ ಅನಿಲ ಹೊತ್ತಿಕೊಂಡಿತು. ಕಲ್ಲಿದ್ದಲಿನ ಧೂಳು ಆ ಸ್ಫೋಟವನ್ನು ಸುರಂಗದಿಂದ ಸುರಂಗಕ್ಕೆ ಹೊತ್ತೊಯ್ಯಿತು. ಎರಡು ಪಾಳಿಯವರೂ ಒಳಗಿದ್ದರು. 81 ಮಂದಿ ಬಲಿಯಾದರು. ಅವರನ್ನು ಉಳಿಸಲು ಇಳಿದವರಲ್ಲಿ ಇಬ್ಬರು ಮರಳಲಿಲ್ಲ. ಒಟ್ಟು 83. ಊರಿನವರು 83 ಮರಗಳನ್ನು ಸಾಲಾಗಿ ನೆಟ್ಟರು. ಸ್ಫೋಟ ನಡೆದ ಸ್ಥಳದಿಂದಲೇ ಬಂಡೆಯೊಂದನ್ನು ಮೇಲಕ್ಕೆ ತಂದು ಸ್ಮಾರಕ ಮಾಡಿದರು. ರಾಜರ ವಿಜಯಸ್ತಂಭಗಳನ್ನು ನಾವು ಇಸವಿ ಸಹಿತ ಉರುಹಚ್ಚುತ್ತೇವೆ. ಮರದ ಲೆಕ್ಕದಲ್ಲಿ ಬರೆದ ಈ ಶಾಸನವನ್ನು ಯಾವ ಪಠ್ಯಪುಸ್ತಕದಲ್ಲಿ ಓದುತ್ತೇವೆ?

ಇಲ್ಲಿ ಒಂದು ಮುಖ್ಯವಾದ ಮಾತು. ಗಣಿಯ ನಾಡಿನಲ್ಲಿ ಸತ್ತವರನ್ನು ನೆನೆಯುವುದು ಕಣ್ಣೀರಿಗಷ್ಟೇ ಮುಗಿಯಲಿಲ್ಲ. 1812ರಲ್ಲಿ ಫೆಲ್ಲಿಂಗ್ ಗಣಿಯಲ್ಲಿ 92 ಮಂದಿ, ಅವರಲ್ಲಿ ಎಷ್ಟೋ ಹುಡುಗರು, ಸತ್ತಾಗ ಅಲ್ಲಿನ ಪಾದ್ರಿ ಜಾನ್ ಹಾಡ್ಜ್‌ಸನ್ ಆ ದುರಂತದ ವೃತ್ತಾಂತವನ್ನು ಸತ್ತವರ ಹೆಸರುಗಳೊಡನೆ ಅಚ್ಚು ಮಾಡಿಸಿದ. ಮುಚ್ಚಿಡಬಹುದಾಗಿದ್ದ ವಿಷಯ ನಾಡಿನ ಬಾಯಿಗೆ ಬಂತು. ಮೂರು ವರ್ಷ ಕಳೆಯುವಷ್ಟರಲ್ಲಿ ಡೇವಿಯ ಸುರಕ್ಷಾ ದೀಪವೂ ಸ್ಟೀಫನ್‌ಸನ್ನನ ದೀಪವೂ ಹುಟ್ಟಿದವು. ಪಕ್ಕದ ನಾರ್ತಂಬರ್ಲೆಂಡಿನ ಹಾರ್ಟ್ಲಿ ಗಣಿಯಲ್ಲಿ 1862ರ ಜನವರಿ 16ರಂದು ನೀರೆತ್ತುವ ಯಂತ್ರದ ತೊಲೆ ಮುರಿದು, ಇಪ್ಪತ್ತು ಟನ್ನಿಗೂ ಮೀರಿದ ಕಬ್ಬಿಣ ಬಾವಿಯೊಳಗೆ ಬಿತ್ತು. ಗಣಿಗೆ ಇದ್ದದ್ದು ಅದೊಂದೇ ಬಾವಿ. ಒಳಗಿದ್ದವರಿಗೆ ಮತ್ತೊಂದು ದಾರಿಯಿಲ್ಲ. ಮೇಲಿದ್ದವರು ಹಗಲಿರುಳು ಅಗೆದು ತಲಪುವಷ್ಟರಲ್ಲಿ ಒಬ್ಬರೂ ಬದುಕಿರಲಿಲ್ಲ. ಒಟ್ಟು ಸತ್ತವರು 204 ಮಂದಿ. ಅದೇ ವರ್ಷ ಪಾರ್ಲಿಮೆಂಟು ಕಾನೂನು ಮಾಡಿತು: ಕಲ್ಲಿದ್ದಲು ಗಣಿಗೆ ಹೊರಬರಲು ಎರಡು ದಾರಿಗಳಿರಲೇಬೇಕು. ನೆನಪು ಹೀಗೆ ಕಾನೂನಾದಾಗ ಅದು ಮುಂದಿನವರ ಜೀವ ಉಳಿಸುತ್ತದೆ. ಸಂಪ್ರದಾಯಕ್ಕೆ ಇದಕ್ಕಿಂತ ದೊಡ್ಡ ಪ್ರಯೋಜನ ಯಾವುದಿದೆ?

ಇದನ್ನು ಓದಿ ಕೆಲವರು ಆಕ್ಷೇಪಿಸಬಹುದು: 'ನೀನು ಗಣಿಯನ್ನು ಹಾಡಿ ಹೊಗಳುತ್ತಿದ್ದೀಯೆ. ಅದು ಮನುಷ್ಯರ ಪುಪ್ಪುಸಗಳನ್ನು ತಿಂದ ಗುಹೆಯಲ್ಲವೆ? ಮುಚ್ಚಿದ್ದೇ ಪುಣ್ಯ.' ಆಕ್ಷೇಪಣೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಧೂಳಿನಿಂದ ಉಸಿರುಕಟ್ಟಿ ಸತ್ತವರ ಹೆಸರು ಸ್ಮಾರಕಗಳಲ್ಲಿ ಹೆಚ್ಚಾಗಿ ಕಾಣದು. ಹೆಂಗಸರ ಪಾಡು ಇನ್ನೂ ಮರೆಯಲ್ಲಿಯೇ ಉಳಿದಿದೆ. ಗಣಿಯ ಬಾಯಲ್ಲಿ ಸ್ನಾನಗೃಹಗಳು ಬರುವ ಮೊದಲು ಗಂಡ ಒಂದು ಪಾಳಿ, ಮಗ ಇನ್ನೊಂದು ಪಾಳಿಯಾದರೆ ತಾಯಿಗೆ ನೀರು ಕಾಯಿಸುವ, ಬಟ್ಟೆ ಕೊಡಹುವ, ಬಡಿಸುವ ಕೆಲಸಕ್ಕೆ ಕೊನೆಯೇ ಇರಲಿಲ್ಲ. ಅವಳದು ಮೂರು ಪಾಳಿ. ಧ್ವಜಪಟಗಳ ಮೇಲೆ ಬಹುಕಾಲ ಅವಳ ಚಿತ್ರ ಹೆಚ್ಚಾಗಿ ಕಾಣಲಿಲ್ಲ. ಸಮುದ್ರದ ದಂಡೆಯೂ ಗಣಿಯ ಕಸ ಸುರಿದು ಸುರಿದು ಕಪ್ಪಾಗಿ ಹೋಗಿತ್ತು. ಅದನ್ನು ಶುದ್ಧಮಾಡುವ ಕೆಲಸ ಗಣಿಗಳು ಮುಚ್ಚಿದ ಮೇಲೆ, 1997ರಿಂದ, ನಡೆಯಿತು. ಆದ್ದರಿಂದ ನಾನು ಗಣಿಯನ್ನು ಹೊಗಳುವವನಲ್ಲ. ತನ್ನ ಮಗ ಅಲ್ಲಿಗೆ ಇಳಿಯದಿರಲಿ ಎಂದು ಹರಸಿಕೊಂಡ ತಂದೆಯ ಪಕ್ಷ ನನ್ನದು. ನಾನು ಹೊಗಳುವುದು ಆ ಗುಹೆಯೊಳಗೂ ಮನುಷ್ಯರು ಮನುಷ್ಯರಾಗಿ ಉಳಿಯಲು ಕಟ್ಟಿಕೊಂಡ ಕಟ್ಟಳೆಗಳನ್ನು.

ಗಣಿ ಮುಚ್ಚುವುದು ಬೇರೆ, ಹಳ್ಳಿಯನ್ನು ಕೈಬಿಡುವುದು ಬೇರೆ. ಆಳುವವರು ಈ ಭೇದವನ್ನು ಮರೆತರು. 1947ರ ಜನವರಿ 1ರಂದು ಗಣಿಗಳೆಲ್ಲ ರಾಷ್ಟ್ರದ ಸ್ವತ್ತಾದವು; ಜನ ಹಿಗ್ಗಿದರು. ಆದರೆ ನಾಲ್ಕೇ ವರ್ಷಗಳಲ್ಲಿ, ಈಸಿಂಗ್ಟನ್ನಿನ ದುರಂತ ನಡೆದ 1951ರಲ್ಲಿಯೇ, ಡರ್ಹಮ್ ಪ್ರಾಂತದ ಅಭಿವೃದ್ಧಿ ಯೋಜನೆ ಹಳ್ಳಿಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ನೂರಕ್ಕೂ ಮೀರಿದ ಹಳ್ಳಿಗಳು 'ಡಿ' ದರ್ಜೆಗೆ ಬಿದ್ದವು. ಅವುಗಳಲ್ಲಿ ಹೊಸ ಮನೆ ಕಟ್ಟಕೂಡದು, ಹಣ ಹಾಕಕೂಡದು, ತಾವಾಗಿ ಸಾಯಲಿ. ಈ ನೀತಿಯನ್ನು ಕೈಬಿಟ್ಟದ್ದು 1977ರಲ್ಲಿ. ಪರೀಕ್ಷೆಯಲ್ಲಿ ನಾವು ದರ್ಜೆಗಳಿಗೆ ಅಂಜುತ್ತೇವೆ. ಒಂದು ಊರಿಗೆ ಊರೇ ಕೊನೆಯ ದರ್ಜೆಯಲ್ಲಿ ಬಿದ್ದರೆ ಹೇಗಿದ್ದೀತು?

ಮುಂದೆ 1984ರ ಮಾರ್ಚಿಯಿಂದ 1985ರ ಮಾರ್ಚಿಯವರೆಗೆ ಗಣಿ ಮುಚ್ಚುವುದರ ವಿರುದ್ಧ ದೊಡ್ಡ ಮುಷ್ಕರ ನಡೆಯಿತು. ಈಸಿಂಗ್ಟನ್ನಿನಲ್ಲಿ ಹೆಂಗಸರು ಸಾಮೂಹಿಕ ಅಡಿಗೆಮನೆ ನಡೆಸಿ ಊರನ್ನು ಸಾಕಿದರು. ಹಿಂದೆ ಚಿತ್ರಪಟದಲ್ಲಿ ಇಲ್ಲದವರು ಈಗ ವೇದಿಕೆಯ ಮೇಲೆ ನಿಂತು ಮಾತನಾಡಿದರು. ಮುಷ್ಕರ ಸೋತಿತು. 1993ರಲ್ಲಿ ಈಸಿಂಗ್ಟನ್ ಗಣಿ ಮುಚ್ಚಿತು. ಸುಮಾರು 1,400 ಮಂದಿಗೆ ಕೆಲಸ ಹೋಯಿತು. ಅದೇ ವರ್ಷದ ಕೊನೆಗೆ ವೇರ್‌ಮತ್ ಗಣಿಯೂ ಮುಚ್ಚಿ ಡರ್ಹಮ್ಮಿನ ಆಳಗಣಿಗಳ ಕಥೆ ಮುಗಿಯಿತು. ಈಗ ಸಮುದ್ರದ ದಂಡೆಯ ದಿಬ್ಬದ ಮೇಲೆ, ಆಳುಗಳನ್ನು ಇಳಿಸುತ್ತಿದ್ದ ಕಬ್ಬಿಣದ ಪಂಜರವೊಂದು ಗುರುತಿಗಾಗಿ ನಿಂತಿದೆ. ಆದರೂ ಜುಲೈ ಶನಿವಾರ ಬಂತೆಂದರೆ ಧ್ವಜಗಳು ಹೊರಬರುತ್ತವೆ. ಗಣಿಯೇ ಇಲ್ಲದ ಗಣಿಜಾತ್ರೆ! ಹೊಟ್ಟೆಯ ಪಾಡಿಗಾಗಿ ಹುಟ್ಟಿದ ಕಟ್ಟಳೆ ಆ ಪಾಡು ತೀರಿದ ಮೇಲೂ ಉಳಿದಿರುವುದರಿಂದಲೇ ಅದು ನಿಜವಾದ ಸಂಪ್ರದಾಯವೆಂದು ನಾನು ಹೇಳುವುದು.

ಕನ್ನಡನಾಡಿಗೆ ಇಂಗ್ಲೆಂಡಿನ ಗಣಿಗ ತೀರ ಅಪರಿಚಿತನೇನಲ್ಲ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯ ಆಡಳಿತದಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕಾರ್ನ್‌ವಾಲ್ ಪ್ರಾಂತದಿಂದ ನುರಿತ ಗಣಿಗರು ಬಂದರು. ಅವರು ಮೇಲಧಿಕಾರಿಗಳಾಗಿ ಬಂದರು, ಬಂಗಲೆಗಳಲ್ಲಿದ್ದರು. ಆಳವಾದ ಕತ್ತಲೆಗೆ ಇಳಿದ ಸಾವಿರಾರು ಮಂದಿ ಈ ದೇಶದ ಬಡವರು. ಆ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದು ಸತ್ತವರ ಲೆಕ್ಕಕ್ಕೆ ಮರ ನೆಟ್ಟವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ಇತಿಹಾಸದ ವಿದ್ಯಾರ್ಥಿಗಳ ಮುಂದಿಟ್ಟು ಮುಂದುವರಿಯುತ್ತೇನೆ.

ಕೊನೆಯದಾಗಿ ಪೀಟರ್ ಲೀ. 1864ರಲ್ಲಿ ಟ್ರಿಮ್‌ಡನ್ ಗ್ರೇಂಜ್ ಎಂಬ ಗಣಿಹಳ್ಳಿಯಲ್ಲಿ ಹುಟ್ಟಿದವನು. ಹತ್ತನೆಯ ವಯಸ್ಸಿಗೆ ಗಣಿಗಿಳಿದವನು. ಇಪ್ಪತ್ತರ ಹರೆಯದವರೆಗೂ ಸರಿಯಾಗಿ ಓದಲು ಬಾರದವನು. ಆ ವಯಸ್ಸಿನಲ್ಲಿ ಅಕ್ಷರಕ್ಕೆ ಕೂತ. ಅಮೆರಿಕ, ದಕ್ಷಿಣ ಆಫ್ರಿಕಗಳನ್ನು ಕಂಡು ಮರಳಿದ. 1919ರಲ್ಲಿ ಡರ್ಹಮ್ ಪ್ರಾಂತ ಸಭೆಯ ಅಧ್ಯಕ್ಷನಾದ. ಆ ಪದವಿಯಲ್ಲಿ ಅವನು ಹಳ್ಳಿಗಳಿಗಾಗಿ ದುಡಿದದ್ದು ಕುಡಿಯುವ ನೀರು, ಕೊಳಚೆ ಹರಿದುಹೋಗುವ ವ್ಯವಸ್ಥೆ, ರಸ್ತೆ ಮೊದಲಾದವುಗಳಿಗೆ. ಅವನು 1935ರಲ್ಲಿ ತೀರಿಕೊಂಡ. 1948ರಲ್ಲಿ ಈಸಿಂಗ್ಟನ್ನಿನ ಪಕ್ಕದಲ್ಲಿಯೇ ಗಣಿಗರಿಗಾಗಿ ಹೊಸ ಪಟ್ಟಣವೊಂದನ್ನು ಕಟ್ಟಲು ಗೊತ್ತುಮಾಡಿದಾಗ ಅದಕ್ಕೆ ಇಟ್ಟ ಹೆಸರು 'ಪೀಟರ್‌ಲೀ'. ಬೀದಿಗೂ ಹೆಸರಿಲ್ಲದ ನೆರೆಯಲ್ಲಿ ಒಂದು ಪಟ್ಟಣಕ್ಕೇ ಗಣಿಗನ ಹೆಸರು!

ಈತನ ಮಾತನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಇಪ್ಪತ್ತನೆಯ ವಯಸ್ಸಿನಲ್ಲಿ ಲೀ ಅಕ್ಷರ ಕಲಿಯಲು ಕೂತ. ಅದೇ ವಯಸ್ಸಿನಲ್ಲಿ ನಾನು ಪದವಿ ಮುಗಿಸುತ್ತಿದ್ದೇನೆ. ನನಗೆ ದೊರೆತದ್ದು ಎಷ್ಟು ಹೆಚ್ಚು! ಆದರೆ ಓದಿದವನು ಊರು ಬಿಡುತ್ತಾನೆ, ಬಿಟ್ಟ ಮೇಲೆ ಊರಿನ ಮಾತನ್ನಾಡಲು ನಾಚುತ್ತಾನೆ. ಇದು ಡರ್ಹಮ್ಮಿನಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಕಳೆದ ರಜೆಯಲ್ಲಿ ನಮ್ಮ ತಂದೆ, 'ನೀನು ಓದುವ ಚರಿತ್ರೆಯಲ್ಲಿ ನಮ್ಮಂಥವರು ಬರುತ್ತಾರೇನಪ್ಪಾ?' ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ. ಆ ನಗೆಗಾಗಿ ಈಗ ಪಶ್ಚಾತ್ತಾಪಪಡುತ್ತೇನೆ. ಈಸಿಂಗ್ಟನ್ನಿನ ವಿಷಯ ಓದಿದ ಮೇಲೆ ನನಗೆ ಉತ್ತರ ದೊರೆತಿದೆ: 'ಬರುತ್ತಾರೆ, ಅಪ್ಪಾ. ಆದರೆ ಅವರನ್ನು ಬರೆಯಬೇಕಾದವರು ನಾವು.'

ಪೂಜ್ಯ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಇಂಗ್ಲೆಂಡಿನ ಇತಿಹಾಸ ಪಾಠ ಮಾಡುವಾಗ ರಾಜವಂಶಗಳ ನಡುವೆ ಒಂದೇ ಒಂದು ಗಂಟೆ ಈ ಹಳ್ಳಿಗಳಿಗೂ ದೊರೆಯಲಿ. ವಿದ್ಯಾರ್ಥಿ ಮಿತ್ರರಲ್ಲಿಯೂ ಒಂದು ವಿನಂತಿ. ಈ ಬಾರಿಯ ರಜೆಗೆ ಮನೆಗೆ ಹೋದಾಗ ನಿಮ್ಮ ಹಿರಿಯರು ಏನು ಕೆಲಸ ಮಾಡಿದರು, ಯಾವ ಕಷ್ಟಕ್ಕೆ ಯಾವ ಉಪಾಯ ಹೂಡಿದರು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಈಸಿಂಗ್ಟನ್ನಿನವರು ಮರ ನೆಟ್ಟರು. ನಮ್ಮಲ್ಲಿ ಕಾಗದವಿದೆ, ಲೇಖನಿಯಿದೆ, ಅದನ್ನು ಹಿಡಿಯಲು ಕಲಿಸಿದ ಕಾಲೇಜೊಂದಿದೆ. ಇಷ್ಟಿದ್ದೂ ಬರೆಯದೆ ಹೋದರೆ ತಪ್ಪು ನಮ್ಮದೇ.